ಈಶ್ವರಿ ಬಳ್ಳಿಯನ್ನು ಬೋಳು ಮಾಡುತ್ತಿರುವ ಹುಳು: ಇದು ಬರ್ಡ್‌ವಿಂಗ್ ಚಿಟ್ಟೆಯದೇ?

ಕಾಡಂಚಿನಮನೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿಯ ಕಡೆ, ಅಡಿಕೆ ತೋಟ ಮುಗಿದು ಸೊಪ್ಪಿನ ಬೆಟ್ಟ ಶುರುವಾಗುವ ಜಾಗದಲ್ಲಿದೆ. ಹಿತ್ತಿಲ ಬೇಲಿಯ ಮೇಲೆ ಹಲವು ವರ್ಷಗಳಿಂದ ಒಂದು ಈಶ್ವರಿ ಬಳ್ಳಿ ಹಬ್ಬಿಕೊಂಡಿದೆ. ಈ ಸಲ ಮಳೆ ಸ್ವಲ್ಪ ಹಿಂದೆಗೆದ ಮೇಲೆ ನೋಡಿದರೆ, ಬಳ್ಳಿಯ ಒಂದು ಪಕ್ಕ ಎಲೆಯೇ ಇಲ್ಲದಂತಾಗಿದ್ದು, ಕರಿಗೆಂಪು ಬಣ್ಣದ, ಮೈತುಂಬ ಮೆತ್ತನೆಯ ಮುಳ್ಳುಗಳಂತಹ ಉಬ್ಬುಗಳಿರುವ ಮೂರು ಹುಳುಗಳು ಕಾಣಿಸಿದವು. ಅವುಗಳಲ್ಲಿ ಒಂದು ನನ್ನ ಕಿರುಬೆರಳಿನಷ್ಟು ದಪ್ಪವಿದೆ, ಉಳಿದೆರಡು ಇನ್ನೂ ಚಿಕ್ಕವು. ದೊಡ್ಡ ಹುಳುವಿನ ಎರಡೂ ಪಕ್ಕಗಳಲ್ಲಿ, ಮೈಯ ನಡುಭಾಗದಲ್ಲಿ, ಓರೆಯಾಗಿ ಎಳೆದಂತಹ ನಸುಗುಲಾಬಿ ಮಿಶ್ರಿತ ಬಿಳಿಯ ಪಟ್ಟೆಯಿದೆ. ಇನ್ನೊಂದು ಎಲೆಯ ಅಡಿಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ, ಕಿತ್ತಳೆಗೆಂಪು ಬಣ್ಣದ ಒಂದೇ ಒಂದು ಮೊಟ್ಟೆಯೂ ಅಂಟಿಕೊಂಡಿದೆ.

ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಅಜ್ಜಿ ನೆಟ್ಟ ಔಷಧದ ಬಳ್ಳಿ ಹಾಳಾಗುತ್ತಿದೆ, ಹುಳುಗಳನ್ನು ತೆಗೆದು ಬೆಟ್ಟಕ್ಕೆ ಬಿಟ್ಟು ಬಾ ಎಂದು ಅಪ್ಪಯ್ಯ ಹೇಳುತ್ತಿದ್ದಾರೆ. ತೋಟದ ಮೇಲೆ ಆಗಾಗ ಗಾಳಿಯಲ್ಲಿ ತೇಲಿಕೊಂಡು ಹೋಗುವ, ಹಳದಿ ಹಿಂರೆಕ್ಕೆಯ ಆ ದೊಡ್ಡ ಚಿಟ್ಟೆಯ ಮರಿಗಳಿವು ಎಂಬುದು ನನ್ನ ಊಹೆ. ಊಹೆ ಸರಿಯೇ? ಸರಿಯಾಗಿದ್ದರೆ ಚಿಟ್ಟೆಯಾಗಲು ಎಷ್ಟು ದಿನ ಬೇಕು? ಬಳ್ಳಿ ಉಳಿಯುತ್ತದೆಯೇ?

ಎಲೆಯಡಿ

ನಿಮ್ಮ ಊಹೆ ಸರಿ. ನೀವು ವರ್ಣಿಸಿದ ಓರೆ ಪಟ್ಟೆಯೇ ಮುಖ್ಯ ಗುರುತು. ಇದು ಟ್ರೊಯ್ಡಿಸ್ ಮೈನಾಸ್, ಅಂದರೆ ಸದರ್ನ್ ಬರ್ಡ್‌ವಿಂಗ್, ನಮ್ಮ ರಾಜ್ಯ ಚಿಟ್ಟೆ. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಚಿಟ್ಟೆಗೆ ಪಶ್ಚಿಮ ಘಟ್ಟದ ಮಳೆಕಾಡುಗಳೇ ಮುಖ್ಯ ನೆಲೆ. ಮಲಯಾಳದಲ್ಲಿ ಇದನ್ನು ಗರುಡಶಲಭ ಎನ್ನುತ್ತಾರೆ. ರೆಕ್ಕೆ ಬಡಿಯುವುದನ್ನು ನಿಲ್ಲಿಸಿ ಮರಗಳ ನೆತ್ತಿಯ ಮೇಲೆ ತೇಲುವುದನ್ನು ಕಂಡವರಿಗೆ ಆ ಹೆಸರು ಎಷ್ಟು ಹೊಂದುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಇದೇ ಈಶ್ವರಿ ಬಳ್ಳಿಯ ಮೇಲೆ ಕ್ರಿಮ್ಸನ್ ರೋಸ್ ಮತ್ತು ಕಾಮನ್ ರೋಸ್ ಎಂಬ ಇನ್ನೆರಡು ಚಿಟ್ಟೆಗಳೂ ಮೊಟ್ಟೆಯಿಡುತ್ತವೆ, ಮತ್ತು ಮೂರರ ಹುಳುಗಳೂ ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಕ್ರಿಮ್ಸನ್ ರೋಸ್ ಹುಳುವಿಗೆ ಬಿಳಿ ಪಟ್ಟೆ ಇರುವುದಿಲ್ಲ. ಕಾಮನ್ ರೋಸ್ ಹುಳುವಿಗೆ ಪಟ್ಟೆ ಇರುತ್ತದೆ, ಆದರೆ ಅದು ಓರೆಯಾಗಿರದೆ ನಡುವಿಗೆ ಕಟ್ಟಿದ ದಾರದಂತೆ ಅಡ್ಡಲಾಗಿ ಸುತ್ತಿರುತ್ತದೆ, ಹುಳುವೂ ಚಿಕ್ಕದು. ಬರ್ಡ್‌ವಿಂಗ್ ಹುಳು ಬಲಿತಾಗ ಬೆರಳಿನಷ್ಟು ಉದ್ದ, ದಪ್ಪ ಎರಡೂ ಬರುತ್ತದೆ. ಹಾಗಾಗಿ ಚಿಕ್ಕ ಹುಳುಗಳೆರಡನ್ನೂ ಒಮ್ಮೆ ಸೂಕ್ಷ್ಮವಾಗಿ ನೋಡಿ. ಮೂರೂ ಒಂದೇ ಜಾತಿಯವು ಎಂದು ಈಗಲೇ ತೀರ್ಮಾನಿಸಬೇಡಿ.

ಲೆಕ್ಕ ಹೀಗಿದೆ. ಮೊಟ್ಟೆ ಒಡೆಯಲು ಸುಮಾರು ಒಂದು ವಾರ. ಹುಳು ನಾಲ್ಕು ಸಲ ಪೊರೆ ಕಳಚಿ ಐದು ಹಂತಗಳನ್ನು ದಾಟಲು ಮೂರರಿಂದ ನಾಲ್ಕು ವಾರ. ಕೋಶದಲ್ಲಿ, ಅಂದರೆ ಪ್ಯೂಪಾ ಹಂತದಲ್ಲಿ, ಸುಮಾರು ಮೂರು ವಾರ. ಮಳೆ, ಚಳಿ, ಎಲೆಯ ಎಳಸುತನ ಇವುಗಳ ಮೇಲೆ ಕೆಲವು ದಿನ ಹಿಂದೆ ಮುಂದೆ ಆಗುತ್ತದೆ. ಮೊಟ್ಟೆ ಒಂಟಿಯಾಗಿರುವುದಕ್ಕೂ ಕಾರಣವಿದೆ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ತಟ್ಟಿ ರುಚಿ ನೋಡುತ್ತದೆ. ಇದು ತನ್ನ ಬಳ್ಳಿಯೇ ಹೌದೆಂದು ಖಚಿತವಾದ ಮೇಲೆ ಹೊಟ್ಟೆಯನ್ನು ಬಾಗಿಸಿ ಎಲೆಯಡಿಯಲ್ಲಿ ಒಂದು ಮೊಟ್ಟೆಯನ್ನು ಅಂಟಿಸಿ ಹಾರುತ್ತದೆ. ಇಷ್ಟು ಹೊಟ್ಟೆಬಾಕ ಹುಳುಗಳು ಹತ್ತಾರು ಒಂದೇ ಬಳ್ಳಿಯಲ್ಲಿ ಹುಟ್ಟಿದರೆ ಯಾವುದಕ್ಕೂ ಹೊಟ್ಟೆ ತುಂಬದು. ಮೇವು ಮುಗಿದಾಗ ಬರ್ಡ್‌ವಿಂಗ್ ಗುಂಪಿನ ಹುಳುಗಳು ತಮ್ಮವರನ್ನೇ ತಿನ್ನುವುದೂ ಉಂಟು.

ಬಳ್ಳಿಯ ಬಗ್ಗೆ ಅಪ್ಪಯ್ಯನವರಿಗೆ ಧೈರ್ಯ ಹೇಳಿ. ಬೇರು ಬಲಿತಿದ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹುಳುವನ್ನು ಬೆಟ್ಟಕ್ಕೆ ಬಿಡುವ ಮಾತು ಮಾತ್ರ ಬೇಡ. ಬೆಟ್ಟದಲ್ಲಿ ನೂರು ಜಾತಿಯ ಸೊಪ್ಪಿದ್ದರೂ ಈ ಹುಳು ಈಶ್ವರಿ ಬಳ್ಳಿಯ ಕುಟುಂಬವನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಅದು ಹಸಿವಿನಿಂದ ಸಾಯುತ್ತದೆ.

ಹಳೆಯಕಡತ

ಈ ಚರ್ಚೆ ಉತ್ತರ ಕನ್ನಡದಿಂದಲೇ ಆರಂಭವಾಗಿರುವುದು ಸಂತೋಷದ ವಿಷಯ. ದಕ್ಷಿಣ ಭಾರತದ ಚಿಟ್ಟೆಗಳ ಮರಿಹುಳುಗಳ ಬಗ್ಗೆ ನಮಗಿರುವ ಹಳೆಯ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಕಾರವಾರದಲ್ಲಿ ಹುಟ್ಟಿದ್ದು. ಆ ಜಿಲ್ಲೆ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿದ್ದ ಕಾಲದಲ್ಲಿ, ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್, ಉಪ್ಪು ಮತ್ತು ಸುಂಕದ ಇಲಾಖೆಯಲ್ಲಿದ್ದ ಎಡ್ವರ್ಡ್ ಹ್ಯಾಮಿಲ್ಟನ್ ಐಟ್‌ಕೆನ್, ಅರಣ್ಯಾಧಿಕಾರಿ ಥಾಮಸ್ ರೀಡ್ ಬೆಲ್ ಈ ಮೂವರೂ ಸೇರಿ ಕಾಡಿನಿಂದ ಹುಳುಗಳನ್ನು ತಂದು, ಮನೆಯಲ್ಲಿ ಸೊಪ್ಪು ಹಾಕಿ ಸಾಕಿ, ಯಾವ ಹುಳು ಯಾವ ಚಿಟ್ಟೆಯಾಗುತ್ತದೆ ಎಂಬುದನ್ನು ಒಂದೊಂದಾಗಿ ಬರೆದಿಟ್ಟರು. 1890ರ ದಶಕದಲ್ಲಿ ಆ ಟಿಪ್ಪಣಿಗಳು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದವು. ಬೆಲ್ ನಿವೃತ್ತಿಯ ಬಳಿಕವೂ ಕಾರವಾರವನ್ನು ಬಿಡಲಿಲ್ಲ, 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಈ ಅಧಿಕಾರಿಗಳ ಹೆಸರು ನಮಗೆ ತಿಳಿದಿದೆ. ಯಾವ ಬಳ್ಳಿಯಲ್ಲಿ ಯಾವ ಹುಳು ಇದೆ ಎಂದು ಅವರಿಗೆ ತೋರಿಸಿರಬಹುದಾದ ಕಾಡಿನ ಜನರ ಹೆಸರು ಮಾತ್ರ ನಮ್ಮವರೆಗೆ ಬಂದಿಲ್ಲ ಎಂಬ ಕೊರಗು ನನಗಿದೆ.

ಹೆಸರಿನ ವಿಚಾರ. ಡಚ್ ಸಂಗ್ರಾಹಕ ಪೀಟರ್ ಕ್ರೇಮರ್ ಈ ಚಿಟ್ಟೆಯನ್ನು ವರ್ಣಿಸಿ ಮೈನಾಸ್ ಎಂದು ಹೆಸರಿಟ್ಟ, ಆ ವರ್ಣನೆ 1779ರಲ್ಲಿ ಪ್ರಕಟವಾಯಿತು. ನಡುವೆ ಬಹುಕಾಲ ಇದನ್ನು ಈಶಾನ್ಯ ಭಾರತದಲ್ಲಿರುವ ಕಾಮನ್ ಬರ್ಡ್‌ವಿಂಗ್‌ನ, ಅಂದರೆ ಟ್ರೊಯ್ಡಿಸ್ ಹೆಲೆನಾದ ಉಪಜಾತಿ ಎಂದು ಎಣಿಸಲಾಗುತ್ತಿತ್ತು. ಈಗ ಪ್ರತ್ಯೇಕ ಜಾತಿಯೆಂದೇ ಒಪ್ಪಲಾಗಿದೆ. ಹಳೆಯ ಪುಸ್ತಕಗಳನ್ನು ತೆರೆಯುವವರು ಹೆಲೆನಾ ಎಂಬ ಹೆಸರಿನಡಿಯಲ್ಲಿಯೂ ಹುಡುಕಬೇಕು.

ಇದು ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ಮಾತನ್ನು ಈಗಲೂ ಅನೇಕರು ಬರೆಯುತ್ತಿರುವುದರಿಂದ ಒಂದು ತಿದ್ದುಪಡಿಯನ್ನು ಸೇರಿಸುತ್ತೇನೆ. ಚಿಟ್ಟೆಗಳ ಅಧ್ಯಯನಕಾರ ಬ್ರಿಗೇಡಿಯರ್ ಇವಾನ್ಸ್ 1932ರಲ್ಲಿ ದಾಖಲಿಸಿದ 190 ಮಿಲಿಮೀಟರ್ ರೆಕ್ಕೆಹರವಿನ ಒಂದು ಸದರ್ನ್ ಬರ್ಡ್‌ವಿಂಗ್ ಸುಮಾರು ಎಂಟು ದಶಕಗಳಿಗೂ ಹೆಚ್ಚು ಕಾಲ ಆ ಸ್ಥಾನದಲ್ಲಿತ್ತು. ಉತ್ತರಾಖಂಡದ ದೀದಿಹಾಟ್‌ನಲ್ಲಿ ಸಿಕ್ಕ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರ್ ಇತ್ತೆಂದು 2020ರಲ್ಲಿ ವರದಿಯಾದ ಮೇಲೆ ನಮ್ಮ ಚಿಟ್ಟೆ ಎರಡನೆಯ ಸ್ಥಾನಕ್ಕೆ ಇಳಿದಿದೆ. ಅಂತರ ನಾಲ್ಕು ಮಿಲಿಮೀಟರ್, ಅಂದರೆ ಎರಡು ಮೊಟ್ಟೆಗಳನ್ನು ಪಕ್ಕಪಕ್ಕದಲ್ಲಿಟ್ಟಷ್ಟು.

ಕಾಡಂಚಿನಮನೆ

ಇಬ್ಬರಿಗೂ ಧನ್ಯವಾದಗಳು. ಎಲೆಯಡಿಯವರು ಹೇಳಿದಂತೆ ನೋಡಿದೆ. ಚಿಕ್ಕ ಹುಳುಗಳಲ್ಲಿ ಒಂದಕ್ಕೆ ಪಟ್ಟೆಯೇ ಇಲ್ಲ, ಉಬ್ಬುಗಳು ಕಿತ್ತಳೆಗೆಂಪಾಗಿವೆ. ಅದು ಕ್ರಿಮ್ಸನ್ ರೋಸ್ ಇರಬೇಕು. ಉಳಿದೆರಡು ಬರ್ಡ್‌ವಿಂಗ್. ಮೊಟ್ಟೆ ಇಂದು ಬೆಳಗ್ಗೆ ಒಡೆದಿದೆ. ಎರಡು ಮಿಲಿಮೀಟರಿನ ಮರಿ ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ಸುಮಾರು ಅರ್ಧ ತಿಂದು, ಅನಂತರ ಎಲೆಯ ಅಂಚಿಗೆ ಹೋಯಿತು.

ದೊಡ್ಡ ಹುಳುವನ್ನು ಹುಲ್ಲುಕಡ್ಡಿಯಿಂದ ಮುಟ್ಟಿದಾಗ ತಲೆಯ ಹಿಂದಿನಿಂದ ಹಳದಿಗಿತ್ತಳೆ ಬಣ್ಣದ, ಹಾವಿನ ನಾಲಿಗೆಯಂತೆ ಕವಲೊಡೆದ ಕೊಂಬೊಂದು ಹೊರಬಂದಿತು. ಜೊತೆಗೆ ಒಂದು ಕಟುವಾದ ವಾಸನೆ. ಕೆಲವು ಕ್ಷಣಗಳಲ್ಲಿ ಕೊಂಬು ಒಳಸರಿಯಿತು. ಎರಡನೆಯ ಸಲ ಮುಟ್ಟುವ ಮನಸ್ಸಾಗಲಿಲ್ಲ.

ಬೇಲಿಯ ಹತ್ತಿರ ಓತಿಕ್ಯಾತಗಳೂ ಕಣಜಗಳೂ ಬಹಳ. ಹುಳುಗಳನ್ನು ಒಂದು ಬಲೆಪೆಟ್ಟಿಗೆಯಲ್ಲಿಟ್ಟು ಮನೆಯೊಳಗೆ ಸಾಕಿದರೆ ಹೇಗೆ?

ಮಳೆಹನಿ

ಸಾಕುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಹೊರಗೆ ಬಿಟ್ಟರೆ ಹತ್ತರಲ್ಲಿ ಒಂದು ಉಳಿಯುವುದೂ ಅನುಮಾನ. ನಾನು ಕಾಮನ್ ಮಾರ್ಮನ್ ಹುಳುಗಳನ್ನು ನಿಂಬೆ ಸೊಪ್ಪಿನಲ್ಲಿ ಸಾಕಿ ಬಿಟ್ಟಿದ್ದೇನೆ, ಬಹುತೇಕ ಎಲ್ಲವೂ ಚಿಟ್ಟೆಯಾಗಿ ಹಾರಿದವು. ರಾಜ್ಯ ಚಿಟ್ಟೆ ಎಂದು ಘೋಷಿಸಿದ ಮೇಲೆ ಕಣ್ಣೆದುರಿಗೆ ಕಣಜದ ಬಾಯಿಗೆ ಕೊಡುವುದು ಯಾವ ನ್ಯಾಯ? ಮಹಾರಾಷ್ಟ್ರದವರು 2015ರಲ್ಲಿಯೇ ಬ್ಲೂ ಮಾರ್ಮನ್ ಚಿಟ್ಟೆಯನ್ನು ತಮ್ಮ ರಾಜ್ಯದ್ದೆಂದು ಸಾರಿ ದಾರಿ ತೋರಿಸಿದರು. ಘೋಷಣೆಯಲ್ಲಿ ನಾವು ಅವರ ಹಿಂದೆ ನಡೆದೆವು, ರಕ್ಷಣೆಯಲ್ಲಾದರೂ ಮುಂದಿರಬೇಕು.

ಎಲೆಯಡಿ

ಮಳೆಹನಿಯವರ ಕಾಳಜಿಯನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನಿಂಬೆ ಗಿಡದ ಸೊಪ್ಪು ಬೇಕಾದಷ್ಟು ಸಿಗುತ್ತದೆ, ಈಶ್ವರಿ ಬಳ್ಳಿ ಹಾಗಲ್ಲ. ಬರ್ಡ್‌ವಿಂಗ್ ಹುಳು ಕೊನೆಯ ಹಂತದಲ್ಲಿ ತಿನ್ನುವ ಪ್ರಮಾಣವನ್ನು ನೋಡಿದವರಿಗೆ ಗೊತ್ತು, ಎಲೆ ಸಾಲದೆ ಎಳೆಯ ಕಾಂಡವನ್ನೂ ಕೊರೆದು ಮುಗಿಸುತ್ತದೆ. ಕಿತ್ತ ಎಲೆ ಪೆಟ್ಟಿಗೆಯೊಳಗೆ ಬಾಡುತ್ತದೆ, ತೇವ ಹೆಚ್ಚಾದರೆ ಹಿಕ್ಕೆಗೆ ಬೂಸ್ಟು ಹಿಡಿದು ಹುಳುವಿಗೆ ರೋಗ ಬರುತ್ತದೆ. ಅರ್ಧದಲ್ಲಿ ಮೇವು ಮುಗಿದರೆ ಪೆಟ್ಟಿಗೆಯೇ ಹುಳುವಿನ ಸಮಾಧಿ.

ಓತಿಕ್ಯಾತಗಳ ವಿಚಾರದಲ್ಲಿ ಅಷ್ಟು ಚಿಂತೆ ಬೇಡ. ಈಶ್ವರಿ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲಗಳೆಂಬ ವಿಷಗಳಿವೆ. ಹುಳು ಅವುಗಳನ್ನು ಎಲೆಯೊಡನೆ ನುಂಗಿ, ತಾನು ಸಾಯದೆ, ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ವಿಷ ಕೋಶದ ಮೂಲಕ ಚಿಟ್ಟೆಗೂ ದಾಟುತ್ತದೆ. ಚಿಟ್ಟೆಯ ಎದೆಯ ಪಕ್ಕದಲ್ಲಿರುವ ಕೆಂಪು, ಹುಳುವಿನ ಕರಿಗೆಂಪು, ಎರಡೂ ನನ್ನನ್ನು ತಿಂದರೆ ಕಹಿ ಎಂಬ ಫಲಕಗಳೇ. ತೋಟದ ಮೇಲೆ ಅದು ಯಾವ ಆತುರವೂ ಇಲ್ಲದೆ ತೇಲುವುದನ್ನು ನೀವು ನೋಡಿದ್ದೀರಿ. ಒಮ್ಮೆ ಬಾಯಿಗೆ ಹಾಕಿ ಉಗುಳಿದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದು ಕಡಿಮೆ.

ಈ ವಿಷ ಕೆಲಸಕ್ಕೆ ಬಾರದಿರುವುದು ಸಣ್ಣ ಶತ್ರುಗಳ ಮುಂದೆ. ಚಿಟ್ಟೆಗಳ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಡುವ ಸೂಕ್ಷ್ಮ ಕಣಜಗಳಿವೆ. ಕಬ್ಬಿನ ಕಾಂಡಕೊರಕದ ಹತೋಟಿಗೆ ಹೊಲದಲ್ಲಿ ಬಿಡುವ ಟ್ರೈಕೋಗ್ರಾಮ ಕೂಡ ಈ ಬಗೆಯದೇ. ಹುಳುವಿನ ಮೈಗೆ ಮೊಟ್ಟೆ ಅಂಟಿಸುವ ಟ್ಯಾಕಿನಿಡ್ ನೊಣಗಳೂ, ಕೋಶ ಇನ್ನೂ ಮೆತ್ತಗಿರುವಾಗ ಚುಚ್ಚುವ ಕಣಜಗಳೂ ಇವೆ. ಆದರೆ ಅವು ಸಹ ಈ ಕಾಡಿನ ನಿವಾಸಿಗಳೇ. ಒಂದು ಹೆಣ್ಣು ಇಡುವ ಮೊಟ್ಟೆಗಳೆಲ್ಲ ಚಿಟ್ಟೆಗಳಾಗಿದ್ದರೆ ಘಟ್ಟದಲ್ಲಿ ಈಶ್ವರಿ ಬಳ್ಳಿಯ ಒಂದು ಕುಡಿಯೂ ಉಳಿಯುತ್ತಿರಲಿಲ್ಲ. ಬಳ್ಳಿಯನ್ನು ನೋಡಿಕೊಳ್ಳಿ ಎಂಬುದಷ್ಟೇ ನನ್ನ ಸಲಹೆ. ಕಳೆ ಕತ್ತರಿಸುವ ಯಂತ್ರವನ್ನು ಬೇಲಿಯ ಹತ್ತಿರ ಓಡಿಸಬೇಡಿ. ಅಡಿಕೆಗೆ ಔಷಧ ಹೊಡೆಯುವ ದಿನ ದ್ರಾವಣದ ಹನಿ ಗಾಳಿಗೆ ತೇಲಿ ಬಳ್ಳಿಯ ಮೇಲೆ ಬೀಳದಂತೆ ನೋಡಿ. ನನ್ನ ಅನುಭವದಲ್ಲಿ ತೋಟದಂಚಿನ ಬಳ್ಳಿಗಳು ಹುಳುಗಳಿಂದ ಸತ್ತದ್ದನ್ನು ನಾನು ಕಂಡಿಲ್ಲ, ಕಳೆಯೆಂದು ಕತ್ತಿಗೆ ಸಿಕ್ಕು ಹೋದದ್ದನ್ನು ಬಹಳ ಕಂಡಿದ್ದೇನೆ.

ನಾಟಿಬೇರು

ವಿಷ ಎಂಬ ಮಾತು ಸರಿಯೆನಿಸಲಿಲ್ಲ. ಈಶ್ವರಿ ಬೇರನ್ನು ಹಾವು ಕಚ್ಚಿದಾಗ, ಜ್ವರ ಬಂದಾಗ, ಹೊಟ್ಟೆನೋವಿಗೆ ತಲೆತಲಾಂತರದಿಂದ ಅರೆದು ಕೊಡುತ್ತ ಬಂದಿದ್ದಾರೆ. ಹುಳುವಿಗೆ ದಕ್ಕುವುದು ಮನುಷ್ಯನಿಗೆ ದಕ್ಕುವುದಿಲ್ಲವೇ?

ಬಿಳಿಅಂಗಿ

ದಕ್ಕುವುದಿಲ್ಲ, ಮತ್ತು ಈ ವಿಷಯದಲ್ಲಿ ಮೃದುವಾಗಿ ಹೇಳುವುದು ತಪ್ಪಾಗುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯರಿಗೆ ಕೊಟ್ಟ ಗಿಡಮೂಲಿಕೆಯ ಪುಡಿಯಲ್ಲಿ, ಬೇರೆ ಗಿಡದ ಬದಲಾಗಿ ಈಶ್ವರಿಯದೇ ಕುಲಕ್ಕೆ ಸೇರಿದ ಚೀನಾದ ಗಿಡವೊಂದು ತಪ್ಪಿ ಸೇರಿಕೊಂಡಿತ್ತು. ಅವರಲ್ಲಿ ಹಲವರ ಮೂತ್ರಪಿಂಡಗಳು ಶಾಶ್ವತವಾಗಿ ಕೆಟ್ಟವು, ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಕಾಣಿಸಿಕೊಂಡಿತು. ಬಾಲ್ಕನ್ ದೇಶಗಳ ಕೆಲವು ನದೀತೀರದ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಜನರನ್ನು ಕಾಡಿದ ಮೂತ್ರಪಿಂಡದ ಕಾಯಿಲೆಗೂ, ಗೋಧಿ ಹೊಲದಲ್ಲಿ ಕಳೆಯಾಗಿ ಬೆಳೆಯುವ ಇದೇ ಕುಲದ ಗಿಡದ ಬೀಜ ಹಿಟ್ಟಿಗೆ ಸೇರುತ್ತಿದ್ದುದೇ ಕಾರಣವೆಂದು ತಿಳಿದುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅರಿಸ್ಟೊಲೋಕಿಕ್ ಆಮ್ಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲಿಯೇ ಇಟ್ಟಿದೆ.

ಈ ವಿಷದ ಕೆಟ್ಟ ಗುಣವೆಂದರೆ ಅದು ತಕ್ಷಣ ಏನನ್ನೂ ತೋರಿಸುವುದಿಲ್ಲ. ಕುಡಿದವರು ಮರುದಿನ ಚೆನ್ನಾಗಿಯೇ ಇರುತ್ತಾರೆ. ಹಾಗಾಗಿಯೇ ತಲೆತಲಾಂತರದ ಅನುಭವಕ್ಕೂ ಇದು ಸಿಕ್ಕಿಬೀಳದೆ ಉಳಿಯಿತು. ಹಾವು ಕಚ್ಚಿದರೆ ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೇ ಹೋಗಬೇಕು. ಬಳ್ಳಿಯನ್ನು ಮುಟ್ಟುವುದರಿಂದ, ಬೆಳೆಸುವುದರಿಂದ ಭಯವಿಲ್ಲ. ಎಲೆಯನ್ನು ಹುಳುವಿಗೇ ಬಿಡೋಣ.

ನಾಟಿಬೇರು

ತಿಳಿಸಿದ್ದಕ್ಕೆ ಧನ್ಯವಾದಗಳು. ನಮ್ಮ ಮನೆಯಲ್ಲಿ ಒಣಗಿಸಿಟ್ಟ ಬೇರಿದೆ. ಇನ್ನು ಅದನ್ನು ಒಳಕ್ಕೆ ಕೊಡುವುದಿಲ್ಲ.

ಮಳೆಹನಿ

ನಮ್ಮಲ್ಲಿ ಈಶ್ವರಿ ಬಳ್ಳಿಯ ಸಸಿ ಸಿಗಲಿಲ್ಲ. ಒಂದು ನರ್ಸರಿಯಲ್ಲಿ ಅದೇ ಜಾತಿಯದು, ಚಿಟ್ಟೆಗಳಿಗೆ ಬಹಳ ಒಳ್ಳೆಯದು ಎಂದು ಹೇಳಿ ಬೇರೊಂದು ಬಳ್ಳಿಯನ್ನು ಕೊಟ್ಟರು. ಅಂಗೈಯಗಲದ ಹೂವು, ಬಿಳಿಯ ಮೇಲೆ ಕಂದುಗೆಂಪಿನ ಚಿತ್ತಾರ, ಬಾತುಕೋಳಿಯ ಕತ್ತಿನಂತೆ ಬಾಗಿದ ಹಿಂಬದಿ. ಇದನ್ನೇ ನೆಡಬಹುದೇ?

ಎಲೆಯಡಿ

ದಯವಿಟ್ಟು ನೆಡಬೇಡಿ. ವರ್ಣನೆಯನ್ನು ನೋಡಿದರೆ ಅದು ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬಂದ ಅರಿಸ್ಟೊಲೋಕಿಯಾ ಲಿಟ್ಟೊರಾಲಿಸ್. ಕುಲ ಒಂದೇ ಆದರೂ ರಸಾಯನ ಬೇರೆ. ಆಸ್ಟ್ರೇಲಿಯಾದಲ್ಲಿ ರಿಚ್‌ಮಂಡ್ ಬರ್ಡ್‌ವಿಂಗ್ ಎಂಬ ಚಿಟ್ಟೆಗೆ ಈ ಬಳ್ಳಿಯೇ ಬಲೆಯಾಯಿತು. ವಾಸನೆ, ರುಚಿ ಹೊಂದುವುದರಿಂದ ಹೆಣ್ಣು ನಂಬಿ ಮೊಟ್ಟೆಯಿಡುತ್ತದೆ, ಹುಟ್ಟಿದ ಮರಿ ನಾಲ್ಕು ತುತ್ತು ತಿಂದು ಸಾಯುತ್ತದೆ. ಅಲ್ಲಿನವರು ಅದನ್ನು ಹುಡುಕಿ ಕಿತ್ತು, ತಮ್ಮ ಕಾಡಿನ ಮೂಲ ಬಳ್ಳಿಯನ್ನು ಮನೆಮನೆಗಳಲ್ಲಿ ನೆಡಿಸುತ್ತಿದ್ದಾರೆ. ನಮ್ಮ ಬರ್ಡ್‌ವಿಂಗ್ ಅದರ ಹತ್ತಿರದ ಸಂಬಂಧಿ. ಹಾಗಿರುವಾಗ ಇಲ್ಲಿ ಪರೀಕ್ಷೆ ಮಾಡಿ ನೋಡುವ ಅಗತ್ಯವಿಲ್ಲ.

ಸದರ್ನ್ ಬರ್ಡ್‌ವಿಂಗ್‌ಗೆ ಸಲ್ಲುವ ಸಸ್ಯಗಳು ಮುಖ್ಯವಾಗಿ ಮೂರು. ಈಶ್ವರಿ ಬಳ್ಳಿ, ಅದಕ್ಕಿಂತ ದೊಡ್ಡ ಎಲೆಯ ಅರಿಸ್ಟೊಲೋಕಿಯಾ ಟಗಾಲ, ಮತ್ತು ನಿತ್ಯಹರಿದ್ವರ್ಣ ಕಾಡಿನ ನೆರಳಿನಲ್ಲಿ ಬೆಳೆಯುವ ತೊಟ್ಟಿಯಾ ಸಿಲಿಕ್ವೋಸಾ ಎಂಬ ಪೊದೆ. ಬೀಜದಿಂದ ಬೆಳೆಸುವುದು ಕಷ್ಟವಲ್ಲ. ಈಶ್ವರಿಯ ಕಾಯಿ ಒಣಗಿದಾಗ ತೊಟ್ಟಿನ ಕಡೆಯಿಂದ ಬಿರಿದು, ಎಳೆಗಳಿಂದ ನೇತುಹಾಕಿದ ಪುಟ್ಟ ಬುಟ್ಟಿಯಂತೆ ತೂಗಾಡುತ್ತದೆ. ಒಳಗೆ ಚಪ್ಪಟೆಯಾದ, ಸುತ್ತ ತೆಳು ರೆಕ್ಕೆಯಿರುವ ಬೀಜಗಳು ಒಂದರ ಮೇಲೊಂದು ಜೋಡಿಸಿಟ್ಟಂತಿರುತ್ತವೆ. ಗಾಳಿಗೆ ಹಾರಿಹೋಗುವ ಮೊದಲು ತೆಗೆದಿಟ್ಟುಕೊಳ್ಳಬೇಕು. ಕಾಡಂಚಿನಮನೆಯವರ ಬಳ್ಳಿ ಕಾಯಿ ಬಿಟ್ಟರೆ ನಿಮಗೂ ನಾಲ್ಕು ಬೀಜ ಸಿಗಬಹುದು.

ಕಾಡಂಚಿನಮನೆ

ಬೀಜ ಖಂಡಿತ ಕಳುಹಿಸುತ್ತೇನೆ. ಹುಳುಗಳನ್ನು ಒಳಗೆ ತರಲಿಲ್ಲ. ಈಗ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊಟ್ಟೆಯಿಂದ ಬಂದ ಮರಿ ಐದನೆಯ ದಿನ ಕಾಣೆಯಾಯಿತು. ಎಲೆಯ ಮೇಲೆ ಜೇಡವೊಂದು ಕುಳಿತಿತ್ತು, ಅದರ ಕೆಲಸವೇ ಎಂದು ಪ್ರಮಾಣ ಮಾಡಿ ಹೇಳಲಾರೆ. ದೊಡ್ಡ ಹುಳು ಒಂದು ಸಂಜೆ ತಿನ್ನುವುದನ್ನು ನಿಲ್ಲಿಸಿ, ನೀರಾದ ಹಿಕ್ಕೆ ಹಾಕಿ, ಬಳ್ಳಿಯಿಂದ ಇಳಿದು ನಡೆಯತೊಡಗಿತು. ಬೇಲಿಯ ಗೂಟ ಹತ್ತಿತು, ಇಳಿಯಿತು, ಒಗೆಯುವ ಕಲ್ಲಿನ ಪಕ್ಕದಿಂದ ಹಾದು, ಕೊನೆಗೆ ಬಳ್ಳಿಯಿಂದ ಸುಮಾರು ಹದಿನೈದು ಅಡಿ ದೂರದ ಕರಿಬೇವಿನ ಗಿಡದ ಒಂದು ಕಡ್ಡಿಯನ್ನು ಆರಿಸಿಕೊಂಡಿತು. ಇಷ್ಟಕ್ಕೆ ಕತ್ತಲೆಯಾಯಿತು. ಬೆಳಗ್ಗೆ ನೋಡಿದರೆ ತಲೆ ಮೇಲಾಗಿ ನಿಂತು, ಬಾಲದ ತುದಿಯನ್ನು ನೂಲಿನ ಗುಡ್ಡೆಗೆ ಕಚ್ಚಿಸಿ, ಎದೆಯ ಸುತ್ತ ಕಪ್ಪು ಬಣ್ಣದ ದಾರವೊಂದನ್ನು ಬಳಸಿ ಕಡ್ಡಿಗೆ ಕಟ್ಟಿಕೊಂಡಿತ್ತು. ಅಡಿಕೆ ಮರ ಹತ್ತುವವರು ಮರದ ಮೇಲೆ ಬೆನ್ನಿಗೆ ಹಗ್ಗ ಕೊಟ್ಟು ಒರಗಿ ನಿಂತಂತೆಯೇ ಕಾಣುತ್ತಿತ್ತು. ಮರುದಿನ ಪೊರೆ ಕಳಚಿ ಕೋಶವಾಯಿತು. ಮೊದಲು ಹಸಿರುಹಳದಿ, ಅನಂತರ ಒಣಗಿದ ಎಲೆಯ ಕಂದು. ಅಲ್ಲಿದೆ ಎಂದು ಗೊತ್ತಿರುವ ನನಗೇ ಪ್ರತಿ ದಿನ ಹುಡುಕಬೇಕಾಗುತ್ತದೆ.

ಎರಡನೆಯ ಹುಳುವೂ ಒಂದು ವಾರದ ಬಳಿಕ ಬಳ್ಳಿಯ ಬುಡದ ಹತ್ತಿರದ ಗೂಟದ ಮೇಲೆಯೇ ಕೋಶ ಕಟ್ಟಿದೆ. ಒಂದು ಪ್ರಶ್ನೆ. ಮೊದಲನೆಯ ಕೋಶಕ್ಕೆ ಎಲೆ ತಾಗಿದಾಗ ಅದು ಪಕ್ಕಕ್ಕೆ ಜೋರಾಗಿ ಹೊರಳಿತು, ಜೊತೆಗೆ ಬುಸ್ಸೆನ್ನುವ ಸಣ್ಣ ಸದ್ದು ಕೇಳಿಸಿತು. ಬಾಯಿಯೇ ಇಲ್ಲದ ಗೂಡು ಸದ್ದು ಮಾಡುವುದು ಹೇಗೆ?

ಎಲೆಯಡಿ

ಮೊದಲು ಒಂದು ಸಣ್ಣ ತಕರಾರು. ಗೂಡು ಎಂಬ ಮಾತನ್ನು ರೇಷ್ಮೆಹುಳುವಿಗೆ ಬಿಟ್ಟುಕೊಡೋಣ. ರೇಷ್ಮೆಹುಳು ನೂಲು ಸುತ್ತಿ ಗೂಡು ಕಟ್ಟಿ ಅದರೊಳಗೆ ಕೋಶವಾಗುತ್ತದೆ. ಚಿಟ್ಟೆಗೆ ಗೂಡಿಲ್ಲ, ನೀವು ನೋಡುತ್ತಿರುವುದು ಬರಿಯ ಮೈಯ ಕೋಶವನ್ನೇ. ನೂಲನ್ನು ಅದು ಬಳಸಿದ್ದು ಕಾಲಡಿಯ ಗುಡ್ಡೆಗೆ ಮತ್ತು ನಡುವಿನ ದಾರಕ್ಕೆ ಮಾತ್ರ. ಹಗ್ಗದ ಹೋಲಿಕೆ ಬಹಳ ಚೆನ್ನಾಗಿದೆ.

ಬರ್ಡ್‌ವಿಂಗ್ ಗುಂಪಿನ ಕೋಶಗಳು ಹೀಗೆ ಸದ್ದು ಮಾಡುವುದು ಪ್ರಸಿದ್ಧವೇ. ಕೋಶದ ಹೊಟ್ಟೆಯ ಭಾಗದಲ್ಲಿ ಕೆಲವು ಉಂಗುರಗಳು ಮಾತ್ರ ಅಲುಗಾಡಬಲ್ಲವು. ಹೊರಳಿದಾಗ ಒಂದರ ಅಂಚು ಇನ್ನೊಂದಕ್ಕೆ ಉಜ್ಜಿ ಆ ಸದ್ದು ಹುಟ್ಟುತ್ತದೆ. ಇರುವೆಯನ್ನೋ ಇಲಿಯನ್ನೋ ಒಂದು ಕ್ಷಣ ಬೆಚ್ಚಿಸಲು ಅಷ್ಟು ಸಾಕು.

ಒಳಗಿನ ಕೆಲಸವನ್ನು ಕುರಿತು ಒಂದು ತಪ್ಪು ಕಲ್ಪನೆ ಬಹಳ ಹರಡಿದೆ. ಹುಳು ಪೂರ್ತಿ ಕರಗಿ ಗಂಜಿಯಾಗಿ, ಆ ಗಂಜಿಯಿಂದ ಚಿಟ್ಟೆ ಹೊಸದಾಗಿ ಮೂಡುತ್ತದೆ ಎಂದು ಶಾಲೆಯ ಪಾಠಗಳಲ್ಲಿಯೂ ಹೇಳುವುದುಂಟು. ಎಲೆ ಅರಗಿಸುತ್ತಿದ್ದ ಕರುಳು, ತೆವಳಲು ಬೇಕಿದ್ದ ಸ್ನಾಯುಗಳಂತಹ ಅನೇಕ ಭಾಗಗಳು ಕರಗುವುದು ನಿಜ. ಆದರೆ ನರವ್ಯೂಹವೂ ಉಸಿರಾಟದ ನಾಳಗಳೂ ಮಾರ್ಪಾಡಾಗುತ್ತ ಉಳಿಯುತ್ತವೆ. ರೆಕ್ಕೆಯ ಮೊಳಕೆಗಳಂತೂ ಹುಳು ಎಲೆ ತಿನ್ನುತ್ತಿದ್ದಾಗಲೇ ಅದರ ಚರ್ಮದ ಅಡಿಯಲ್ಲಿ ಪುಟ್ಟ ಬಿಲ್ಲೆಗಳಾಗಿ ಬೆಳೆಯುತ್ತಿರುತ್ತವೆ. ಅಂದರೆ ಕೋಶದೊಳಗೆ ನಡೆಯುವುದು ಮೊದಲೇ ಆರಂಭವಾದ ಕೆಲಸದ ಮುಕ್ತಾಯ.

ಕೊನೆಯ ದಿನ ಕೋಶ ಕಪ್ಪಾಗಿ, ಸಿಪ್ಪೆಯ ಮೂಲಕ ಹಳದಿ ಕಂಡರೆ ಮರುದಿನ ಬೆಳಗ್ಗೆ ಬೇಗ ಏಳಿ. ಹಿಂರೆಕ್ಕೆಯ ಹಳದಿಯಲ್ಲಿ ಕಪ್ಪು ಚುಕ್ಕೆಗಳ ಸಾಲು ದಪ್ಪವಾಗಿದ್ದರೆ ಹೆಣ್ಣು. ಹಳದಿ ಸ್ವಚ್ಛವಾಗಿದ್ದು ಅಂಚು ಮಾತ್ರ ಕಪ್ಪಾಗಿದ್ದರೆ ಗಂಡು. ಗಂಡಿನ ಹಿಂರೆಕ್ಕೆಯ ಒಳ ಅಂಚಿನಲ್ಲಿ ಒಂದು ಮಡಿಕೆ ಇರುತ್ತದೆ, ಅದರೊಳಗೆ ಹೆಣ್ಣನ್ನು ಸೆಳೆಯುವ ಪರಿಮಳದ ಬಿಳಿ ರೋಮಗಳು.

ಕಾಡಂಚಿನಮನೆ

ಗೂಟದ ಮೇಲಿದ್ದ ಎರಡನೆಯ ಕೋಶ ಹೋಯಿತು. ಹತ್ತನೆಯ ದಿನ ಅದರ ಪಕ್ಕದಲ್ಲಿ ಸೂಜಿಯ ಮೊನೆಯಷ್ಟು ತೂತು ಕಾಣಿಸಿತು, ಮಧ್ಯಾಹ್ನದ ಹೊತ್ತಿಗೆ ಆ ತೂತಿನಿಂದ ಕಣಜಗಳು ಒಂದರ ಹಿಂದೆ ಒಂದು ಹೊರಬಂದವು. ನಲವತ್ತರವರೆಗೆ ಎಣಿಸಿ ಬಿಟ್ಟೆ. ಬೇಸರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮಳೆಹನಿಯವರು ಹೇಳಿದ್ದೇ ಸರಿಯಿತ್ತೇನೋ ಎಂದು ಒಂದು ಗಳಿಗೆ ಅನ್ನಿಸಿತು.

ಕರಿಬೇವಿನ ಗಿಡದ ಕೋಶ ಇಪ್ಪತ್ತೊಂದನೆಯ ದಿನ ಸಂಜೆ ಕಪ್ಪಾಯಿತು. ಮರುದಿನ ಬೆಳಗ್ಗೆ ಆರೂವರೆಗೆ ನಾನೂ ಅಪ್ಪಯ್ಯನೂ ಕುರ್ಚಿ ಹಾಕಿಕೊಂಡು ಕುಳಿತೆವು. ಏಳು ಗಂಟೆ ದಾಟಿದ ಮೇಲೆ ತಲೆಯ ಹಿಂದಿನ ಗೆರೆ ಬಿರಿಯಿತು. ಕಾಲುಗಳು ಹೊರಬಂದು ಸಿಪ್ಪೆಯನ್ನೇ ಹಿಡಿದುಕೊಂಡು ಮೈಯನ್ನು ಎಳೆದುಕೊಂಡವು. ಆಗ ಕಂಡದ್ದು ಊದಿದ ಹೊಟ್ಟೆ, ಮುದ್ದೆ ಮಾಡಿದ ಒದ್ದೆ ಬಟ್ಟೆಯಂತಹ ರೆಕ್ಕೆಗಳು. ಇದು ಕುಂಟು ಹುಟ್ಟಿತು ಎಂದು ಅಪ್ಪಯ್ಯ ಎದ್ದೇಬಿಟ್ಟರು. ಆದರೆ ಅದು ಕಡ್ಡಿಯ ಮೇಲೆ ಒಂದು ಗೇಣು ಹತ್ತಿ ರೆಕ್ಕೆಗಳು ಕೆಳಗೆ ಜೋಲುವಂತೆ ನೇತಾಡಿತು. ಹೊಟ್ಟೆ ಸಂಕುಚಿಸಿದಂತೆಲ್ಲ ರೆಕ್ಕೆಯ ನರಗಳಲ್ಲಿ ದ್ರವ ಹರಿದು ಮಡಿಕೆಗಳು ಬುಡದಿಂದ ತುದಿಯ ಕಡೆಗೆ ಬಿಚ್ಚುತ್ತ ಹೋದವು. ಸುಮಾರು ಇಪ್ಪತ್ತು ನಿಮಿಷದಲ್ಲಿ ಆಕಾರ ಪೂರ್ತಿಯಾಯಿತು. ಎರಡು ಎಳೆಗಳಾಗಿದ್ದ ಹೀರುಗೊಳವೆಯನ್ನು ಸುರುಳಿ ಸುತ್ತಿ, ಬಿಚ್ಚಿ, ಒಂದಾಗಿ ಬೆಸೆಯುವ ಕೆಲಸವನ್ನು ಅದು ಬಹಳ ಹೊತ್ತು ಮಾಡುತ್ತಿತ್ತು. ಕಂದು ಬಣ್ಣದ ದ್ರವದ ಹನಿಗಳನ್ನು ವಿಸರ್ಜಿಸಿತು. ಕಪ್ಪು ಚುಕ್ಕೆಗಳ ಸಾಲು ದಪ್ಪವಾಗಿತ್ತು, ಅಂದರೆ ಹೆಣ್ಣು.

ಒಂಬತ್ತೂವರೆಗೆ ಬಿಸಿಲು ಬಂದಾಗ ರೆಕ್ಕೆ ಬಿಚ್ಚಿ ಮುಚ್ಚಿ ಮಾಡಿ, ಕೊಟ್ಟಿಗೆಯ ಮಾಡಿನವರೆಗೆ ತಡವರಿಸುತ್ತ ಹಾರಿ, ಅಲ್ಲಿಂದ ತೋಟದ ಮೇಲೆ ಏರಿತು. ರೆಕ್ಕೆಹರವು 20 ಸೆಂಟಿಮೀಟರ್ ಇತ್ತು. ಬಳ್ಳಿ ಬುಡದಿಂದ ಮೂರು ಕಡೆ ಚಿಗುರಿದೆ. ಬೇಲಿಯ ಆ ಭಾಗವನ್ನು ಸವರಬೇಡಿ ಎಂದು ಅಪ್ಪಯ್ಯ ಕೆಲಸದವರಿಗೆ ತಾವೇ ಹೇಳಿದ್ದಾರೆ.

ಹಳೆಯಕಡತ

ವಿವರಣೆ ಅಮೂಲ್ಯವಾಗಿದೆ. ಒಂದು ಅಂಕಿಯನ್ನು ಮಾತ್ರ ಪ್ರಶ್ನಿಸಬೇಕಾಗಿದೆ. 20 ಸೆಂಟಿಮೀಟರ್ ಎಂದರೆ 200 ಮಿಲಿಮೀಟರ್, ಇವಾನ್ಸ್ ದಾಖಲೆಯನ್ನೂ ದೀದಿಹಾಟ್‌ನದನ್ನೂ ಮೀರಿಸಿದ ಅಳತೆ. ಅಳೆದದ್ದು ಹೇಗೆ? ದಾಖಲೆಯ ಅಳತೆಗಳು ರೆಕ್ಕೆಯನ್ನು ಹಲಗೆಯ ಮೇಲೆ ಹರಡಿ ಕೂರಿಸಿದ ಮಾದರಿಗಳವು, ಅಥವಾ ಎದೆಯ ನಡುವಿನಿಂದ ರೆಕ್ಕೆಯ ತುದಿಯವರೆಗೆ ಅಳೆದು ಎರಡರಿಂದ ಗುಣಿಸಿದವು. ಜೀವಂತ ಚಿಟ್ಟೆಯನ್ನು ಕಣ್ಣಳತೆಯಲ್ಲಿ ನೋಡಿದಾಗ ಎಲ್ಲರಿಗೂ ಅದು ದೊಡ್ಡದಾಗಿಯೇ ಕಾಣುತ್ತದೆ.

ಕಾಡಂಚಿನಮನೆ

ಕೊಟ್ಟಿಗೆಯ ಮಾಡಿನ ಹಂಚಿನ ಮೇಲೆ ಅದು ರೆಕ್ಕೆ ಹರಡಿ ಕುಳಿತಾಗ ಹಂಚಿನ ಅಗಲಕ್ಕೆ ಹೋಲಿಸಿ ಹೇಳಿದೆ. ತಮ್ಮ ಪ್ರಶ್ನೆಯ ಬಳಿಕ ಏಣಿ ಹಾಕಿ ಹಂಚನ್ನು ಅಳೆದೆ, ನಾನು ಅಂದುಕೊಂಡದ್ದಕ್ಕಿಂತ ಮೂರು ಸೆಂಟಿಮೀಟರ್ ಕಡಿಮೆಯಿದೆ. ಹಾಗಾಗಿ 17 ಎಂದು ಓದಿಕೊಳ್ಳಬೇಕಾಗಿ ವಿನಂತಿ. ಮುಂದಿನ ಸಲ ಕೋಶದ ಪಕ್ಕದಲ್ಲಿ ಮೊದಲೇ ಒಂದು ಅಳತೆಪಟ್ಟಿಯನ್ನು ಕಟ್ಟಿಡುತ್ತೇನೆ.